ಬೇತಮಂಗಲದ ಕೆರೆ ಏರಿ: ಚಿನ್ನದ ಗಣಿಯ ನೆರೆಯಲ್ಲಿ ಕುಟುಂಬ ಸಮೇತ ಕಾಲ್ನಡಿಗೆ

ಕೋಲಾರ ಜಿಲ್ಲೆಯ ಬೇತಮಂಗಲವು ಪಾಲಾರ್ ನದಿಯ ಬಲದಂಡೆಯ ಮೇಲಿರುವ ಪುರಾತನ ಗ್ರಾಮ. ಕೆಜಿಎಫ್ ಎಂದೇ ಪ್ರಸಿದ್ಧವಾದ ಕೋಲಾರ ಚಿನ್ನದ ಗಣಿ ಪ್ರದೇಶದಿಂದ ಸುಮಾರು 10 ಕಿ.ಮೀ. ದೂರದಲ್ಲಿದೆ. ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಕೆಜಿಎಫ್ ತಾಲ್ಲೂಕಿನಲ್ಲಿದೆ. ನದಿಗೆ ಅಡ್ಡಲಾಗಿ ಕಟ್ಟಿದ ವಿಶಾಲವಾದ ಕೆರೆ, ಗಂಗರ ಕಾಲದ ಶಾಸನವಿರುವ ವಿಜಯೇಂದ್ರ ದೇವಾಲಯ, ಗಣಿ ನಗರಕ್ಕೆ ನೀರು ಕಳುಹಿಸಲೆಂದು 20ನೇ ಶತಮಾನದ ಆರಂಭದಲ್ಲಿ ನಿರ್ಮಿಸಿದ ನೀರು ಸರಬರಾಜು ಕೇಂದ್ರ ಇವು ಊರಿನ ಮುಖ್ಯ ಗುರುತುಗಳು.

ಗಣಿ ಪ್ರದೇಶವನ್ನು ನೋಡಲೆಂದು ಬೆಂಗಳೂರು ಮತ್ತಿತರ ನಗರಗಳಿಂದ ಬರುವ ಕುಟುಂಬಗಳಲ್ಲಿ ಹೆಚ್ಚಿನವು ಮೊದಲು ಅರಸುವುದು ಸಿನಿಮಾಗಳಲ್ಲಿ ಕಂಡ ಬಿಳಿಯ ಸಯನೈಡ್ ದಿಬ್ಬಗಳನ್ನು. ಮಕ್ಕಳ ಜತೆ ನಡೆಯುವುದಕ್ಕೆ ಆ ದಿಬ್ಬಗಳಷ್ಟು ಅನುಚಿತವಾದ ಸ್ಥಳ ಈ ಸೀಮೆಯಲ್ಲಿ ಮತ್ತೊಂದಿಲ್ಲ. ಅದರ ಕಾರಣಗಳನ್ನು ಮುಂದೆ ವಿವರಿಸಿದೆ. ಗಣಿಯ ಕಥೆಯನ್ನು ಅರಿಯಬೇಕೆನ್ನುವವರಿಗೂ ಒಂದು ದಿನ ಹೊಲಗದ್ದೆಗಳ ನಡುವೆ ನಡೆದು ಬರಬೇಕೆನ್ನುವವರಿಗೂ ಬೇತಮಂಗಲದ ಕೆರೆ ಏರಿಯಿಂದ ಆರಂಭಿಸುವುದೇ ಸೂಕ್ತ. ಚಿನ್ನ ತೆಗೆದ ಊರು ಬದುಕಿದ್ದು ಈ ಕೆರೆಯ ನೀರಿನಿಂದ.

ವಿಜಯಾದಿತ್ಯಮಂಗಲದಿಂದ ಬೇತಮಂಗಲ

ಊರಿನ ಮೂಲ ಹೆಸರು ವಿಜಯಾದಿತ್ಯಮಂಗಲ. ಈ ಭಾಗವನ್ನು ಆಳಿದ ಬಾಣ ವಂಶದ ಅರಸ ವಿಜಯಾದಿತ್ಯನಿಂದ ಈ ಹೆಸರು ಬಂದಿತೆಂದು ಇತಿಹಾಸಕಾರರು ಹೇಳುತ್ತಾರೆ. ಅದೇ ಹೆಸರು ಕಾಲಾಂತರದಲ್ಲಿ ಜನರ ಬಾಯಲ್ಲಿ ಸವೆದು ಬೇತಮಂಗಲವಾಯಿತು. ಬಾಣರ ನಂತರ ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು ಒಬ್ಬರ ಹಿಂದೊಬ್ಬರಂತೆ ಈ ಸೀಮೆಯನ್ನು ಆಳಿದರು. ಆಳಿದವರು ಬದಲಾದರೂ ಕೆರೆಯನ್ನು ಉಳಿಸಿಕೊಳ್ಳುವ ಕೆಲಸ ಮಾತ್ರ ಬದಲಾಗಲಿಲ್ಲ. 10ನೇ ಶತಮಾನದಲ್ಲಿ ಒಡೆದ ಕೆರೆಯನ್ನು ಇರಿವ ನೊಳಂಬನ ಕಾಲದಲ್ಲಿ ದುರಸ್ತಿ ಮಾಡಿಸಲಾಯಿತು. 12ನೇ ಶತಮಾನದಲ್ಲಿ ಹೊಯ್ಸಳರ ಅಧಿಕಾರಿ ಚೊಕ್ಕಿಮಯ್ಯನು ಮತ್ತೊಮ್ಮೆ ಅದನ್ನು ಸರಿಪಡಿಸಿದನು. ಅಂದರೆ ಇಂದು ಮಕ್ಕಳು ನಡೆಯುವ ಈ ಏರಿಗೆ ಕನಿಷ್ಠ 1000 ವರ್ಷಗಳ ದುರಸ್ತಿಯ ಇತಿಹಾಸವಿದೆ. ಅರಮನೆ, ಕೋಟೆಗಳ ಬಗ್ಗೆ ನಮ್ಮ ಪಠ್ಯಪುಸ್ತಕಗಳು ಹೇಳುವಷ್ಟನ್ನು ಕೆರೆ ದುರಸ್ತಿಯ ಬಗ್ಗೆ ಹೇಳುವುದಿಲ್ಲ. ಹೇಳಬೇಕಾಗಿತ್ತು.

19ನೇ ಶತಮಾನದ ನಡುಭಾಗದವರೆಗೂ ಬೇತಮಂಗಲ ತಾಲ್ಲೂಕು ಕೇಂದ್ರವಾಗಿತ್ತು. 1864ರಲ್ಲಿ ಬೆಂಗಳೂರು-ಜೋಲಾರಪೇಟೆ ರೈಲು ಮಾರ್ಗ ಆರಂಭವಾದ ಮೇಲೆ ರಸ್ತೆಯ ಸಂಚಾರವೆಲ್ಲ ರೈಲಿನತ್ತ ಹೊರಳಿತು. ರೈಲು ನಿಲ್ದಾಣದ ಸುತ್ತ ಹೊಸ ಪಟ್ಟಣವೊಂದು ಬೆಳೆಯಿತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆ ಎನಿಸಿತು. ಮುಂದೆ ಅದೇ ಬಂಗಾರಪೇಟೆ. ಪಕ್ಕದಲ್ಲೇ ಚಿನ್ನದ ಗಣಿ ಇರುವುದರಿಂದ ಪಟ್ಟಣದ ಹೆಸರೂ ಚಿನ್ನದಿಂದಲೇ ಬಂದಿದೆಯೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಆಂಗ್ಲ ಅಧಿಕಾರಿಯ ಹೆಸರೇ ಕನ್ನಡದ ಕಿವಿಯಲ್ಲಿ ಬಂಗಾರವಾಗಿದೆ. ತಾಲ್ಲೂಕು ಕೇಂದ್ರದ ಸ್ಥಾನ ಹೊಸ ಪಟ್ಟಣಕ್ಕೆ ಹೋಯಿತು. ಬೇತಮಂಗಲ ಗ್ರಾಮವಾಗಿಯೇ ಉಳಿಯಿತು. ಕಾಲ್ನಡಿಗೆಗೆ ಬರುವವರ ಪಾಲಿಗೆ ಇದು ಅದೃಷ್ಟವೇ ಸರಿ.

ಕೆರೆ ಏರಿಯ ನಡಿಗೆ

ಬೇತಮಂಗಲದಲ್ಲಾಗಲೀ ಸುತ್ತಲಿನ ಹಳ್ಳಿಗಳಲ್ಲಾಗಲೀ ಚಾರಣದ ದಾರಿಯೆಂದು ಗುರುತು ಹಾಕಿದ ಹಾದಿಗಳನ್ನು ನಿರೀಕ್ಷಿಸಬಾರದು. ಇರುವುದು ಊರಿನವರು ದಿನವೂ ಬಳಸುವ ದಾರಿಗಳು: ಕೆರೆಯ ಏರಿ, ಕಾಲುವೆಯ ದಂಡೆ, ಬಂಡಿದಾರಿ, ಹೊಲದ ಬದು. ಕುಟುಂಬದ ನಡಿಗೆಗೆ ಇವುಗಳಲ್ಲಿ ಮೊದಲನೆಯದೇ ಶ್ರೇಷ್ಠ. ಏರಿ ಸಮತಟ್ಟಾಗಿರುತ್ತದೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಅಚ್ಚುಕಟ್ಟಿನ ಹಸಿರು ಕಾಣುತ್ತದೆ. ದಾರಿ ತಪ್ಪುವ ಭಯವಿಲ್ಲ. ಎಷ್ಟು ದೂರ ನಡೆಯಬೇಕೆಂಬುದನ್ನು ಮಕ್ಕಳ ಕಾಲುಗಳೇ ನಿರ್ಧರಿಸಲಿ. ಅರ್ಧ ಗಂಟೆ ಮುಂದೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಿದರೆ ಐದಾರು ವರ್ಷದ ಮಗುವಿಗೂ ಆಯಾಸವಾಗದು.

ಏರಿಯ ಮೇಲೆ ನಡೆಯುವಾಗ ಮಕ್ಕಳಿಗೆ ತೋರಿಸಬೇಕಾದ ಸಂಗತಿಗಳು ಮೂರು. ಮೊದಲನೆಯದು ತೂಬು. ಕೆರೆಯ ನೀರನ್ನು ಗದ್ದೆಗೆ ಬಿಡುವ ಬಾಗಿಲು ಇದು. ಹಿಂದೆ ತೂಬು ಎತ್ತುವ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿಗಾ ವಹಿಸುವ ಹೊಣೆ ನೀರಗಂಟಿಯದಾಗಿತ್ತು. ಕೊಳವೆಬಾವಿಗಳು ಬಂದ ಮೇಲೆ ಜಿಲ್ಲೆಯ ಬಹುತೇಕ ಊರುಗಳಲ್ಲಿ ಈ ವೃತ್ತಿ ಹೆಸರಿಗಷ್ಟೇ ಉಳಿಯಿತು. ಎರಡನೆಯದು ಕೋಡಿ, ಅಂದರೆ ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಹೋಗುವ ಜಾಗ. ಕೋಡಿಯಿಲ್ಲದ ಕೆರೆ ಒಡೆಯುತ್ತದೆ. ಕೋಡಿಯನ್ನು ಒತ್ತುವರಿ ಮಾಡಿದ ಕೆರೆಯೂ ಒಡೆಯುತ್ತದೆ. ಮೂರನೆಯದು ಏರಿಯ ಒಳಮೈಗೆ ಜೋಡಿಸಿದ ಕಲ್ಲುಗಳು. ಅಲೆಗಳು ಮಣ್ಣನ್ನು ಕೊರೆಯದಂತೆ ಅವು ತಡೆಯುತ್ತವೆ. ಇಷ್ಟನ್ನು ತಿಳಿದ ಮಗು ಮುಂದೆ ತನ್ನ ನಗರದ ಯಾವ ಕೆರೆಯ ಬಳಿ ಹೋದರೂ ಮೊದಲು ಕೋಡಿ ಎಲ್ಲಿದೆಯೆಂದು ಹುಡುಕುತ್ತದೆ.

ಪಾಲಾರ್ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಚಿಂತಾಮಣಿ ತಾಲ್ಲೂಕಿನ ತಲಗವಾರದ ಬಳಿ ಹುಟ್ಟುವ ಈ ನದಿ ಕರ್ನಾಟಕದಲ್ಲಿ 93 ಕಿ.ಮೀ., ಆಂಧ್ರಪ್ರದೇಶದಲ್ಲಿ 33 ಕಿ.ಮೀ., ತಮಿಳುನಾಡಿನಲ್ಲಿ 222 ಕಿ.ಮೀ. ಹರಿದು ಬಂಗಾಳಕೊಲ್ಲಿಯನ್ನು ಸೇರುತ್ತದೆ. ಕೋಲಾರ ಜಿಲ್ಲೆಯಲ್ಲಿ ಅದನ್ನು ನದಿಯೆಂದು ಗುರುತಿಸುವುದೇ ಕಷ್ಟ. ಒಂದು ಕೆರೆ ತುಂಬಿ ಕೋಡಿ ಹರಿದರೆ ಮುಂದಿನ ಕೆರೆ, ಅದು ತುಂಬಿದರೆ ಮತ್ತೊಂದು. ಹೀಗೆ ಕೆರೆಗಳ ಸರಪಳಿಯಾಗಿಯೇ ಪಾಲಾರ್ ಈ ಜಿಲ್ಲೆಯನ್ನು ದಾಟುತ್ತದೆ. ಬೇತಮಂಗಲದಿಂದ ಕೆಳಗೆ ಕ್ಯಾಸಂಬಳ್ಳಿ ಕಡೆಗಿರುವ ರಾಮಸಾಗರ ಕೆರೆಯೂ ಇದೇ ಸರಪಳಿಯ ಕೊಂಡಿ. ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆ ಎಂಬುದಕ್ಕೆ 1903ರ ನವೆಂಬರ್ ಸಾಕ್ಷಿ. ಆಗ ಮೈಸೂರು ಸೀಮೆಯಲ್ಲಿ ಸುರಿದ ಭಾರಿ ಮಳೆಗೆ ಪಾಲಾರ್ ಮೇಲ್ಭಾಗದ ಕೆರೆಗಳು ಒಡೆದು, ಕೆಳಗಿನ ವಾಣಿಯಂಬಾಡಿ ಪಟ್ಟಣ ಪ್ರವಾಹಕ್ಕೆ ತುತ್ತಾಗಿ ಅಪಾರ ಜೀವಹಾನಿ ಸಂಭವಿಸಿತು. ಮೇಲಿನವರು ನೀರನ್ನು ಹಿಡಿದಿಟ್ಟರೆ ಕೆಳಗಿನವರಿಗೆ ಬರ, ಹಿಡಿಯಲಾರದೆ ಬಿಟ್ಟರೆ ನೆರೆ. 1892ರ ಮದರಾಸು-ಮೈಸೂರು ಒಪ್ಪಂದದಲ್ಲಿ ಹೆಸರಿಸಿದ ನದಿಗಳಲ್ಲಿ ಪಾಲಾರ್ ಕೂಡ ಒಂದಾಗಿರುವುದು ಈ ಕಾರಣಕ್ಕೇ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಜಿಲ್ಲೆಯ ಕೆರೆಗಳ ಅಂಗಳ ಒಣಗಿ, ಜಾಲಿ ಬೆಳೆದು, ದನ ಮೇಯಿಸುವ ಬಯಲಾಗುವುದುಂಟು. 2021ರ ನವೆಂಬರ್‌ನಂತಹ ಮಳೆಗಾಲದಲ್ಲಿ ಅವೇ ಕೆರೆಗಳು ಕೋಡಿ ಹರಿದಾಗ ಊರಿಗೆ ಊರೇ ಏರಿಯ ಮೇಲೆ ನೆರೆಯುತ್ತದೆ, ಗಂಗಮ್ಮನಿಗೆ ಪೂಜೆಯಾಗುತ್ತದೆ. ಹೀಗಾಗಿ ನೀರು ಕಂಡೇ ಕಾಣುತ್ತದೆಂದು ಮಕ್ಕಳಿಗೆ ಮೊದಲೇ ಭರವಸೆ ಕೊಡದಿರುವುದು ಲೇಸು. ನೀರಿದ್ದರೆ ಕೊಕ್ಕರೆ, ನೀರುಕಾಗೆ, ಮಿಂಚುಳ್ಳಿಗಳು ಕಾಣಸಿಗುತ್ತವೆ. ಇಲ್ಲವಾದರೆ ಕೆರೆಯ ಹೂಳು, ತೂಬಿನ ಕಲ್ಲುಕೆಲಸ ಹಾಗೂ ಏರಿಯ ನಿಜವಾದ ಎತ್ತರ ಸ್ಪಷ್ಟವಾಗಿ ಕಾಣುತ್ತವೆ. ಬತ್ತಿದ ಕೆರೆಯೂ ನೋಡತಕ್ಕದ್ದೇ.

ಏರಿಯಿಂದ ಇಳಿದು ಊರೊಳಗೆ ಬಂದರೆ ವಿಜಯೇಂದ್ರ ದೇವಾಲಯ. ಊರಿನ ಮೂಲ ಹೆಸರನ್ನು ಇಂದಿಗೂ ಉಳಿಸಿಕೊಂಡಿರುವುದು ಇದೊಂದೇ. ಇಲ್ಲಿನ ಶಾಸನವನ್ನು ಮಕ್ಕಳಿಗೆ ತೋರಿಸುವಾಗ ಅಕ್ಷರಗಳನ್ನು ಬೆರಳಿನಿಂದ ಉಜ್ಜಲು, ಸೀಮೆಸುಣ್ಣ ಬಳಿಯಲು ಬಿಡಬಾರದು. ಕನ್ನಡ ಓದಬಲ್ಲ ಮಕ್ಕಳಿಗೆ ಹಳೆಯ ಲಿಪಿಯಲ್ಲಿ ಒಂದೆರಡು ಪರಿಚಿತ ಅಕ್ಷರಗಳನ್ನು ಗುರುತಿಸಲು ಹೇಳಿದರೆ ಅದೇ ಒಂದು ಆಟವಾಗುತ್ತದೆ.

ಗಣಿಗೆ ಹೋದ ನೀರು

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ರಾಜ್ಯದ ಗಡಿಗಳನ್ನು ಅಳೆಯುವ ಕೆಲಸ ನಡೆಯಿತು. ಪೂರ್ವ ಗಡಿಯ ಮೋಜಣಿಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಇಲ್ಲಿ ಚಿನ್ನ ಸಿಗುತ್ತದೆಂಬ ಮಾತನ್ನು ಕೇಳಿ, ತೋರಿಸಿದವರಿಗೆ ಬಹುಮಾನ ಘೋಷಿಸಿದನು. ಊರಿಗಾಂ ಕಡೆಯ ಗ್ರಾಮಸ್ಥರು ಬಂಡಿಗಳಲ್ಲಿ ಮಣ್ಣು ತಂದು ಅವನೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಗಮನಿಸಬೇಕಾದದ್ದು: ಆ ಕಾಲಕ್ಕೂ ಚಿನ್ನ ಕಂಡದ್ದು ನೀರಿನಲ್ಲಿ ತೊಳೆದಾಗಲೇ. 1873ರಲ್ಲಿ ಮೈಕೇಲ್ ಲವೆಲ್ ಎಂಬಾತ ಗಣಿ ಪರವಾನಗಿಗಾಗಿ ಮೈಸೂರು ಸರ್ಕಾರವನ್ನು ಕೋರಿದನು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಗಣಿಗಾರಿಕೆ ದೊಡ್ಡ ಉದ್ಯಮವಾಗಿ ಬೆಳೆಯಿತು.

ಸಾವಿರಾರು ಕಾರ್ಮಿಕರು, ಅದಿರು ಕುಟ್ಟುವ ಗಿರಣಿಗಳು, ಹಬೆ ಯಂತ್ರಗಳು. ಇಷ್ಟಕ್ಕೂ ನೀರು ಬೇಕು. ಗಣಿ ಪ್ರದೇಶವಾದರೋ ನದಿಯಿಲ್ಲದ ಒಣ ದಿಣ್ಣೆ. 1902ರಲ್ಲಿ ಸುಮಾರು 150 ಕಿ.ಮೀ. ದೂರದ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂದ ಸಂಗತಿ ಎಲ್ಲ ಪುಸ್ತಕಗಳಲ್ಲೂ ಇದೆ. ಅದೇ ವರ್ಷಗಳಲ್ಲಿ ಬೇತಮಂಗಲದ ಕೆರೆಯಿಂದ ನೀರನ್ನು ಸೋಸಿ, ಪಂಪುಗಳಿಂದ ಮೇಲೆತ್ತಿ, ಕೊಳವೆಗಳ ಮೂಲಕ ಕೆಜಿಎಫ್‌ಗೆ ಸಾಗಿಸುವ ವ್ಯವಸ್ಥೆಯಾದುದು ಅಷ್ಟು ಪ್ರಚಾರ ಪಡೆಯಲಿಲ್ಲ. ಕಾವೇರಿಯ ವಿದ್ಯುತ್ತಿಲ್ಲದಿದ್ದರೆ ಗಣಿ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಪಾಲಾರ್ ನೀರಿಲ್ಲದಿದ್ದರೆ ಅಲ್ಲಿ ಊರೇ ನಿಲ್ಲುತ್ತಿರಲಿಲ್ಲ. ನೊಳಂಬರು, ಹೊಯ್ಸಳರು ಗದ್ದೆಗಾಗಿ ಉಳಿಸಿದ ಕೆರೆ ಹೀಗೆ ಕೈಗಾರಿಕಾ ನಗರವೊಂದರ ನೀರಿನ ತೊಟ್ಟಿಯಾಯಿತು. ನೀರು ಸರಬರಾಜು ಕೇಂದ್ರದ ಆವರಣವನ್ನು ಹೊರಗಿನಿಂದ ನೋಡಬಹುದು. ಒಳಹೋಗಬೇಕಾದರೆ ಅನುಮತಿ ಪಡೆಯುವುದು ಅವಶ್ಯ.

ಗುಟ್ಟಹಳ್ಳಿ ಮತ್ತು ಕಮ್ಮಸಂದ್ರ

ಏರಿಯ ನಡಿಗೆ ಬೆಳಿಗ್ಗೆಯೇ ಮುಗಿದರೆ ಬೇತಮಂಗಲಕ್ಕೆ ಸಮೀಪದ ಗುಟ್ಟಹಳ್ಳಿಗೆ ಹೋಗಬಹುದು. ಚಿಕ್ಕ ಗುಡ್ಡದ ಮೇಲಿನ ವೆಂಕಟರಮಣನ ಸನ್ನಿಧಿಯಿಂದಾಗಿ ಈ ಊರು ಬಂಗಾರು ತಿರುಪತಿ ಎಂದೇ ಖ್ಯಾತ. ದೇವರನ್ನು ಆರು ರಂಧ್ರಗಳ ಕಿಟಕಿಯ ಮೂಲಕ ನೋಡಬೇಕೆಂಬುದು ಇಲ್ಲಿನ ವಿಶೇಷ. ಮೆಟ್ಟಿಲುಗಳು ಮಕ್ಕಳಿಗೂ ಹಿರಿಯರಿಗೂ ಏರಬಹುದಾದಷ್ಟೇ ಇವೆ. ಕಮ್ಮಸಂದ್ರದ ಕೋಟಿಲಿಂಗೇಶ್ವರ ದೇವಸ್ಥಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 108 ಅಡಿ ಎತ್ತರದ ಲಿಂಗ, ಅದರೆದುರಿನ 35 ಅಡಿಯ ನಂದಿ, ಸುತ್ತಲೂ ಲೆಕ್ಕವಿಲ್ಲದಷ್ಟು ಸಣ್ಣ ಲಿಂಗಗಳು ಮಕ್ಕಳಿಗೆ ಅಚ್ಚರಿ ಉಂಟುಮಾಡುತ್ತವೆ. ಆದರೆ ಅದು ಜನಸಂದಣಿಯ ಜಾಗ; ಶಿವರಾತ್ರಿಯಂದು ಕಾಲಿಡಲೂ ಸ್ಥಳವಿರುವುದಿಲ್ಲ. ನಡಿಗೆಯ ದಿನದೊಡನೆ ಅದನ್ನು ಸೇರಿಸದಿರುವುದೇ ಮೇಲು.

ಶಿಲೆಗಳಲ್ಲಿ ಆಸಕ್ತಿಯಿರುವ ಪ್ರೌಢಶಾಲೆಯ ಮಕ್ಕಳಿದ್ದರೆ ಕೆಜಿಎಫ್ ಸಮೀಪದ ಪೆದ್ದಪಲ್ಲಿಯನ್ನು ನೋಡಬೇಕು. ಇಲ್ಲಿನ ಜ್ವಾಲಾಮುಖಿ ಮೂಲದ ಪುರಾತನ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೇರೆ ಬೇರೆ ಗಾತ್ರದ ಕಲ್ಲುಗಳು ಒಂದೇ ಬಂಡೆಯಲ್ಲಿ ಹುದುಗಿ ಬೆಸೆದುಕೊಂಡಿರುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು. ಚೂರು ಒಡೆದು ಮನೆಗೆ ಒಯ್ಯುವುದು ಸಲ್ಲದು.

ಬೂದಿಕೋಟೆ: ಹೈದರಾಲಿಯ ಹುಟ್ಟೂರು

ಬೇತಮಂಗಲದಂತೆಯೇ ಇತಿಹಾಸವುಳ್ಳ ಇನ್ನೊಂದು ಗ್ರಾಮ ಬೂದಿಕೋಟೆ. ಇದು ಬಂಗಾರಪೇಟೆಯ ದಕ್ಷಿಣಕ್ಕೆ ಸುಮಾರು 12 ಕಿ.ಮೀ. ದೂರದಲ್ಲಿ, ಮಾರ್ಕಂಡೇಯ ನದಿಯ ಪ್ರದೇಶದಲ್ಲಿದೆ. ಬೇತಮಂಗಲ ಮತ್ತು ಬೂದಿಕೋಟೆ ಎರಡನ್ನೂ ಒಂದೇ ದಿನ ನೋಡುವ ಆತುರ ಬೇಡ. ಅವು ಬಂಗಾರಪೇಟೆಯಿಂದ ಬೇರೆ ಬೇರೆ ದಿಕ್ಕಿನಲ್ಲಿವೆ. 18ನೇ ಶತಮಾನದ ಆರಂಭದಲ್ಲಿ ಸಿರಾದ ನವಾಬರ ಅಧೀನದಲ್ಲಿ ಕೋಲಾರದ ಫೌಜುದಾರನಾಗಿದ್ದ ಫತೇ ಮಹಮ್ಮದನಿಗೆ ಬೂದಿಕೋಟೆ ಜಹಗೀರಾಗಿತ್ತು. ಅವನ ಮಗ ಹೈದರಾಲಿ ಹುಟ್ಟಿದ್ದು ಇಲ್ಲಿಯೇ. ಹುಟ್ಟಿದ ವರ್ಷದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸಾಮಾನ್ಯವಾಗಿ 1720ರಿಂದ 1722ರ ನಡುವಿನ ವರ್ಷಗಳನ್ನು ಹೇಳಲಾಗುತ್ತದೆ. ಟಿಪ್ಪು ಹುಟ್ಟಿದ ದೇವನಹಳ್ಳಿಯ ಕೋಟೆಗೆ ಹೋಗುವವರು ಸಾವಿರಾರು. ತಂದೆಯ ಹುಟ್ಟೂರನ್ನು ಕೇಳಿಕೊಂಡು ಬರುವವರು ವಿರಳ.

ಇಲ್ಲಿನ ಆಕರ್ಷಣೆ ಹೆಬ್ಬಂಡೆಗಳ ಗುಡ್ಡ ಮತ್ತು ಅದರ ಮೇಲೆ ಉಳಿದ ಕೋಟೆಯ ಅವಶೇಷಗಳು. ದುರಸ್ತಿ ಕಂಡ ಸ್ಮಾರಕವನ್ನು ನಿರೀಕ್ಷಿಸಿ ಬಂದರೆ ನಿರಾಸೆಯಾದೀತು. ಎಂಟು ವರ್ಷ ದಾಟಿದ ಮಕ್ಕಳಿಗೆ ಗುಡ್ಡದ ಕೆಳಭಾಗದ ಏರಿಕೆ ಕಷ್ಟವಲ್ಲ. ಮಳೆ ಬಂದಾಗ ಬಂಡೆ ಜಾರುತ್ತದೆ. ಶಿಥಿಲವಾದ ಗೋಡೆಯ ಮೇಲೆ ಹತ್ತುವುದು ಯಾವ ಕಾಲದಲ್ಲೂ ಅಪಾಯ. ಚಿಕ್ಕ ಮಕ್ಕಳಿರುವವರು ಊರಿನ ಸುತ್ತಲಿನ ಬಂಡಿದಾರಿಗಳಲ್ಲೇ ನಡೆದು ಬಂದರೂ ಸಾಕು. ರಾಗಿ, ಅವರೆ, ಹಿಪ್ಪುನೇರಳೆ, ಟೊಮೆಟೊ, ಮಾವು. ಕೋಲಾರದ ಕೃಷಿಯೆಲ್ಲ ಒಂದು ಗಂಟೆಯ ನಡಿಗೆಯಲ್ಲಿ ಕಾಣುತ್ತದೆ. ತಾವು ತಿನ್ನುವ ಟೊಮೆಟೊ ಕೋಲುಗಳ ಆಸರೆಯಲ್ಲಿ ಬೆಳೆಯುತ್ತದೆಂಬುದನ್ನು ನಗರದ ಮಕ್ಕಳಲ್ಲಿ ಅನೇಕರು ಮೊದಲ ಬಾರಿಗೆ ನೋಡುವುದು ಇಂತಹ ಕಡೆಯೇ.

ಬೂದಿಕೋಟೆಗೆ ಇನ್ನೊಂದು ಹಿರಿಮೆಯುಂಟು. ಸಮುದಾಯಗಳಿಗೆ ಬಾನುಲಿ ಪರವಾನಗಿ ಸಿಗದಿದ್ದ ಕಾಲದಲ್ಲಿ, 2001ರಲ್ಲಿ, ‘ನಮ್ಮ ಧ್ವನಿ’ ಎಂಬ ಕೇಂದ್ರ ಇಲ್ಲಿ ಆರಂಭವಾಯಿತು. ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ರೂಪಿಸಿದ ಈ ಯೋಜನೆಯಲ್ಲಿ ಹಳ್ಳಿಯವರೇ ತಯಾರಿಸಿದ ಧ್ವನಿ ಕಾರ್ಯಕ್ರಮಗಳು ಕೇಬಲ್ ತಂತಿಯ ಮೂಲಕ ಮನೆಮನೆಗೆ ತಲುಪುತ್ತಿದ್ದವು. ಗಾಳಿಯಲ್ಲಿ ಪ್ರಸಾರ ಮಾಡಲು ಕಾನೂನು ಬಿಡದಿದ್ದರೆ ತಂತಿಯಲ್ಲಿ ಮಾಡೋಣವೆಂಬ ಜಾಣತನ ಅದು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ಕೇಂದ್ರ ನಡೆಸಲು ಕೇಂದ್ರ ಸರ್ಕಾರ ಅವಕಾಶ ನೀಡಿದ್ದು 2006ರಲ್ಲಿ.

ಮಾರ್ಕಂಡೇಯ ನದಿ ಮುಂದೆ ತಮಿಳುನಾಡನ್ನು ಪ್ರವೇಶಿಸಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಬಂಗಾರಪೇಟೆ, ಮಾಲೂರು, ಕೋಲಾರ ಪಟ್ಟಣಗಳ ಕುಡಿಯುವ ನೀರಿಗಾಗಿ ಇದೇ ನದಿಗೆ ಯರಗೋಳ್ ಬಳಿ ಕಟ್ಟಿದ ಅಣೆಕಟ್ಟು, ತಮಿಳುನಾಡಿನ ಆಕ್ಷೇಪದ ವ್ಯಾಜ್ಯವನ್ನೂ ದಾಟಿ, 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಹೊಸ ಜಲಾಶಯದ ಸುತ್ತ ಮಕ್ಕಳನ್ನು ನೀರಿಗಿಳಿಸುವುದು ಅಪಾಯಕಾರಿ. ದಂಡೆ ಎಲ್ಲಿ ಆಳವಾಗುತ್ತದೆಂಬುದು ಮೇಲಿನಿಂದ ತಿಳಿಯುವುದಿಲ್ಲ.

ಎಲ್ಲಿ ನಡೆಯಬಾರದು

ಕೆಜಿಎಫ್‌ನ ಸಯನೈಡ್ ದಿಬ್ಬಗಳು ಮಣ್ಣಿನ ಗುಡ್ಡಗಳಲ್ಲ. ಅದಿರನ್ನು ನುಣ್ಣಗೆ ಅರೆದು, ಸಯನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ರಾಶಿಗಳು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಹೀಗೆ ಸಂಗ್ರಹವಾದ ತ್ಯಾಜ್ಯ 3 ಕೋಟಿ ಟನ್‌ಗೂ ಅಧಿಕ. ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ 2001ರ ಫೆಬ್ರುವರಿ 28ರಂದು ಮುಚ್ಚಿತು. ದಿಬ್ಬಗಳು ಹಾಗೆಯೇ ಉಳಿದವು. ಗಾಳಿ ಬೀಸಿದಾಗ ಅವುಗಳಿಂದ ಏಳುವ ಸೂಕ್ಷ್ಮ ಧೂಳಿನಲ್ಲಿ ಸಿಲಿಕಾ ಇದ್ದು, ಅದು ಶ್ವಾಸಕೋಶಕ್ಕೆ ಹಾನಿಕರ. ಗಣಿ ಕಾರ್ಮಿಕರ ತಲೆಮಾರುಗಳೇ ಸಿಲಿಕೋಸಿಸ್‌ನಿಂದ ನರಳಿವೆ. ಮಳೆಯ ನೀರು ದಿಬ್ಬದ ಒಳಗೆ ಇಳಿದು ಆಮ್ಲೀಯವಾಗಿ ಬುಡದಲ್ಲಿ ಜಿನುಗುತ್ತದೆ. ಮಳೆಯಿಂದ ಕೊರೆದ ಅಂಚುಗಳು ಕಾಲಿಟ್ಟೊಡನೆ ಕುಸಿಯಬಲ್ಲವು. ಮಕ್ಕಳು ಮರಳಿನಲ್ಲಿ ಆಡುವಂತೆ ಅಲ್ಲಿ ಆಡಿ, ಅದೇ ಕೈಯಲ್ಲಿ ತಿಂಡಿ ತಿನ್ನುವುದನ್ನು ಯಾವ ಪೋಷಕರೂ ಬಯಸಲಾರರು.

2018ರಲ್ಲಿ ‘ಕೆಜಿಎಫ್’ ಚಿತ್ರ ಬಿಡುಗಡೆಯಾದ ನಂತರ ಈ ದಿಬ್ಬಗಳತ್ತ ಯುವಜನರ ಸೆಳೆತ ಹೆಚ್ಚಿತು. ಛಾಯಾಚಿತ್ರದಲ್ಲಿ ಅವು ಸುಂದರವಾಗಿ ಕಾಣುತ್ತವೆಂಬುದೇ ತೊಡಕು. ಒಟ್ಟು 1,003 ಎಕರೆಯಲ್ಲಿ ಹರಡಿರುವ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ದಿಬ್ಬಗಳನ್ನು ನೋಡಲೇಬೇಕೆಂದಿದ್ದರೆ ರಸ್ತೆಯಿಂದ, ವಾಹನದ ಕಿಟಕಿಯೊಳಗಿಂದ ನೋಡಿ ಮುಂದೆ ಸಾಗುವುದು ಸಾಕು. ಗಣಿ ಬಾವಿಗಳ ಸುತ್ತಲಿನ ಪೊದೆಗಾಡೂ ಅಷ್ಟೇ ಅಪಾಯಕಾರಿ. 3 ಕಿ.ಮೀ.ಗೂ ಹೆಚ್ಚು ಆಳದವರೆಗೆ ಕೊರೆದ ನೆಲವದು. ಹಳೆಯ ಬಾವಿಗಳ ಬಾಯಿ ಎಲ್ಲೆಡೆ ಭದ್ರವಾಗಿ ಮುಚ್ಚಿರುತ್ತದೆಂದು ನಂಬುವಂತಿಲ್ಲ. ನಗರದೊಳಗೆ ನಡೆಯಬೇಕೆನಿಸಿದರೆ ಬ್ರಿಟಿಷರ ಕಾಲದ ಬಂಗಲೆಗಳು, ಚರ್ಚುಗಳಿರುವ ರಸ್ತೆಗಳೂ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯೂ ಇವೆ.

ಕಾಮಸಮುದ್ರದ ಕಾಡಿನ ಅಂಚು ಮತ್ತೊಂದು ಬಗೆಯ ಎಚ್ಚರಿಕೆ ಬೇಡುತ್ತದೆ. ತಮಿಳುನಾಡಿನ ಅರಣ್ಯದಿಂದ ಆನೆಗಳ ಹಿಂಡುಗಳು ಈ ಗಡಿಯನ್ನು ದಾಟಿ ಬಂಗಾರಪೇಟೆ ತಾಲ್ಲೂಕಿನ ಹೊಲಗಳಿಗೆ ಬರುವುದು ಪ್ರತಿ ವರ್ಷದ ಸಂಗತಿ. ರಾಗಿ ತೆನೆಯಾಡುವ ಕಾಲದಲ್ಲಿ ಇದು ಹೆಚ್ಚು. ರೈತರು ಪ್ರಾಣ ಕಳೆದುಕೊಂಡಿದ್ದಾರೆ, ಆನೆಗಳೂ ಸತ್ತಿವೆ. ಬೂದಿಕೋಟೆ, ಕಾಮಸಮುದ್ರ ಕಡೆಗೆ ಹೋಗುವವರು ಆ ದಿನ ಆನೆ ಸುಳಿದಿದೆಯೇ ಎಂದು ಊರಿನವರಲ್ಲಿ ವಿಚಾರಿಸಿಯೇ ಹೊರಡಬೇಕು. ಸಂಜೆ 4ರೊಳಗೆ ಊರಿಗೆ ಹಿಂದಿರುಗಬೇಕು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಕಾಲಿಡಕೂಡದು.

ಹೊಲಗಳ ನಡುವೆ ನಡೆಯುವಾಗ ಗೋಡೆಯಿಲ್ಲದ ಹಳೆಯ ತೆರೆದ ಬಾವಿಗಳ ಬಗ್ಗೆ ಗಮನವಿರಲಿ. ಬಾವಿಯ ಬಾಯಿಯ ತನಕ ಹುಲ್ಲು ಬೆಳೆದಿದ್ದರೆ ಹತ್ತಿರ ಹೋಗುವವರೆಗೂ ಅದು ಕಾಣದು. ಬೆಳೆ ಕಾಯಲು ಹಾಕಿದ ತಂತಿ ಬೇಲಿಯನ್ನು ಮಕ್ಕಳು ಮುಟ್ಟಬಾರದು. ಕಲ್ಲು ಗಣಿಯ ಹೊಂಡಗಳಲ್ಲಿ ನಿಂತ ನೀರು ಎಷ್ಟೇ ತಿಳಿಯಾಗಿದ್ದರೂ ಈಜಲು ಬಿಡಬಾರದು. ಕೆರೆಯ ನೀರನ್ನು ಕುಡಿಯುವಂತಿಲ್ಲ. ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರನ್ನು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ 2018ರಿಂದ ಜಿಲ್ಲೆಯ ಹಲವು ಕೆರೆಗಳಿಗೆ ತುಂಬಿಸಲಾಗುತ್ತಿದೆ. ಅಂತರ್ಜಲ ಹೆಚ್ಚಿಸುವುದು ಅದರ ಉದ್ದೇಶವೇ ಹೊರತು ಸ್ನಾನಕ್ಕಾಗಲೀ ಕುಡಿಯುವುದಕ್ಕಾಗಲೀ ಅಲ್ಲ.

ಕಾಲ, ದಾರಿ, ನಡವಳಿಕೆ

ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗಿನ ತಿಂಗಳುಗಳು ನಡಿಗೆಗೆ ಉತ್ತಮ. ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಯಲ್ಲಿ ಕೆರೆಗೆ ನೀರು ಬಂದಿರುತ್ತದೆ. ಡಿಸೆಂಬರ್‌ನ ವೇಳೆಗೆ ರಾಗಿ ಕೊಯ್ಲು, ಅವರೆಕಾಯಿಯ ಕಾಲ. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ 9ರ ನಂತರ ಏರಿಯ ಮೇಲೆ ನೆರಳಿಲ್ಲದ ಬಿಸಿಲು ಮಕ್ಕಳಿಗೆ ತಾಳದು. ಟೋಪಿ, ಮುಚ್ಚಿದ ಪಾದರಕ್ಷೆ, ತಲೆಗೆ 1 ಲೀಟರ್‌ನಂತೆ ಕುಡಿಯುವ ನೀರು ಇಷ್ಟಿದ್ದರೆ ಸಾಕು. ಗುಂಡುತೋಪು ಅಥವಾ ಅರಳಿಕಟ್ಟೆಯ ನೆರಳಿನಲ್ಲಿ ಬುತ್ತಿ ಬಿಚ್ಚಬಹುದು. ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ಅಲ್ಲಿ ಬಿಟ್ಟು ಬಂದರೆ ಅವು ಸೇರುವುದು ದನಗಳ ಹೊಟ್ಟೆಯನ್ನು.

ಹೊಲದ ಬದುವಿನ ಮೇಲೆ ಹೋಗುವ ಮುನ್ನ ಅಲ್ಲಿರುವವರನ್ನು ಒಂದು ಮಾತು ಕೇಳುವುದು ಮರ್ಯಾದೆ. ಈ ಸೀಮೆಯ ಬಹುತೇಕ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ. ಗಣಿ ಪ್ರದೇಶದಲ್ಲಿ ತಮಿಳು. ಕನ್ನಡ ಎಲ್ಲರಿಗೂ ಅರ್ಥವಾಗುತ್ತದೆ. ‘ಅಣ್ಣಾ, ಈ ಕಡೆ ಹೋಗಬಹುದಾ?’ ಎಂದು ಕೇಳಿದ ನಗರದವರಿಗೆ ದಾರಿ ತೋರಿಸಿ, ಕೈಗೆ ನಾಲ್ಕು ಅವರೆಕಾಯಿ ಕೊಟ್ಟು ಕಳುಹಿಸುವ ಜನರೇ ಇಲ್ಲಿ ಹೆಚ್ಚು. ಕೇಳದೆ ಕಾಯಿ ಕಿತ್ತವರಿಗೆ ಆ ಸೌಜನ್ಯ ಸಿಗದು.

ಬೆಂಗಳೂರಿನಿಂದ ಬಂಗಾರಪೇಟೆ ರೈಲಿನಲ್ಲಿ ಸುಮಾರು 70 ಕಿ.ಮೀ. ಅಲ್ಲಿಂದ ಮಾರಿಕುಪ್ಪಂವರೆಗೆ ಗಣಿಗಾಗಿಯೇ 1894ರಲ್ಲಿ ಆರಂಭಿಸಿದ 16 ಕಿ.ಮೀ. ಉದ್ದದ ಶಾಖಾ ಮಾರ್ಗವಿದೆ. ಗಣಿ ಮುಚ್ಚಿದ ಮೇಲೆ ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿ ಬರುವ ಕೆಜಿಎಫ್‌ನ ಸಾವಿರಾರು ಜನರ ಜೀವನಾಡಿ ಈ ಮಾರ್ಗವೇ. ಹಾಗಾಗಿ ಮಕ್ಕಳೊಡನೆ ಬರುವವರು ಬೆಳಿಗ್ಗೆ ಬೆಂಗಳೂರಿನತ್ತ, ಸಂಜೆ ಕೆಜಿಎಫ್‌ನತ್ತ ಹೋಗುವ ಗಾಡಿಗಳ ನೂಕುನುಗ್ಗಲನ್ನು ನೆನಪಿನಲ್ಲಿಡಬೇಕು. ಅವರ ಪ್ರಯಾಣ ಇದಕ್ಕೆ ಎದುರು ದಿಕ್ಕಿನದಾದ್ದರಿಂದ ಸಾಮಾನ್ಯವಾಗಿ ಕುಳಿತುಕೊಳ್ಳಲು ಜಾಗ ಸಿಗುತ್ತದೆ. ಬೇತಮಂಗಲಕ್ಕೆ ಕೆಜಿಎಫ್‌ನಿಂದ, ಬೂದಿಕೋಟೆಗೆ ಬಂಗಾರಪೇಟೆಯಿಂದ ಬಸ್ಸುಗಳಿವೆ. ಹಿಂದಿರುಗುವ ಬಸ್ಸಿನ ವೇಳೆಯನ್ನು ಇಳಿದಾಗಲೇ ನಿರ್ವಾಹಕರಿಂದ ಕೇಳಿಕೊಳ್ಳುವುದು ಒಳಿತು. ರೈಲಿಗೆ ಇನ್ನೂ ಸಮಯವಿದ್ದರೆ ಬಂಗಾರಪೇಟೆಯ ಪಾನಿಪುರಿಯ ರುಚಿ ನೋಡಬಹುದು. ಇಲ್ಲಿನ ಪಾನಿಗೆ ಬೇರೆಡೆಯಂತೆ ಹಸಿರು ಬಣ್ಣವಿರುವುದಿಲ್ಲ, ನೀರಿನಷ್ಟೇ ತಿಳಿಯಾಗಿರುತ್ತದೆ. ಖಾರ ಮಾತ್ರ ಕಡಿಮೆಯಿಲ್ಲ, ಚಿಕ್ಕವರಿಗೆ ಕೊಡುವ ಮುನ್ನ ದೊಡ್ಡವರು ಒಂದನ್ನು ತಿಂದು ನೋಡುವುದು ಕ್ಷೇಮ.